ಸೈನಿಕರಿಗಾಗಿ ಬಂದ ರೇಡಿಯೋ: ಹಳೆಯ ಧ್ವನಿಯನ್ನು ಉಳಿಸುವುದು ಹೇಗೆ?



ಪ್ರಥಮ ಪಿಯುಸಿಯಲ್ಲಿ ಎರಡನೆಯ ಮಹಾಯುದ್ಧದ ಪಾಠ ಮಾಡುವಾಗ ನಾನು ಪ್ರತಿವರ್ಷ ಒಂದು ಪ್ರಶ್ನೆ ಕೇಳುತ್ತೇನೆ: "ಈ ಯುದ್ಧದ ವಿಷಯ ನಮಗೆ ಯಾವ ಆಧಾರಗಳಿಂದ ತಿಳಿಯಿತು?" ಪುಸ್ತಕ, ಪತ್ರಿಕೆ, ಫೋಟೋ, ಸಿನಿಮಾ ಎಂಬ ಉತ್ತರಗಳು ಬರುತ್ತವೆ. "ಧ್ವನಿ" ಎನ್ನುವವರು ಅಪರೂಪ. ಆದರೆ ಅದು ರೇಡಿಯೋ ಕಾಲದ ಯುದ್ಧ. ಆ ಕಾಲದ ಧ್ವನಿ ಹೇಗೆ ಹುಟ್ಟಿತು, ಹೇಗೆ ನಾಶವಾಯಿತು, ಉಳಿದದ್ದನ್ನು ಹೇಗೆ ಕಾಪಾಡುತ್ತಿದ್ದಾರೆ ಎಂಬುದನ್ನು ಒಂದು ಉದಾಹರಣೆಯ ಮೂಲಕ ನೋಡೋಣ. ವಿದೇಶಗಳಲ್ಲಿದ್ದ ಅಮೆರಿಕದ ಸೈನಿಕರಿಗಾಗಿ ತಯಾರಾದ ರೇಡಿಯೋ ಕಾರ್ಯಕ್ರಮಗಳೇ ಆ ಉದಾಹರಣೆ. ಇದು ಇತಿಹಾಸದ ಪಾಠವೂ ಹೌದು, ಸ್ವಲ್ಪ ಭೌತಶಾಸ್ತ್ರದ ಪಾಠವೂ ಹೌದು.

ಸೇನೆಯದೇ ಒಂದು ರೇಡಿಯೋ

1941ರ ಡಿಸೆಂಬರ್‌ನಲ್ಲಿ ಅಮೆರಿಕ ಯುದ್ಧಕ್ಕೆ ಇಳಿಯಿತು. ಲಕ್ಷಾಂತರ ಯುವಕರು ಮನೆಯಿಂದ ಸಾವಿರಾರು ಮೈಲಿ ದೂರ ಹೋದರು. ಇತ್ತ ಜರ್ಮನಿ ಮತ್ತು ಜಪಾನಿನ ರೇಡಿಯೋಗಳು ಇದೇ ಸೈನಿಕರಿಗಾಗಿ ಅಮೆರಿಕದ ಸಂಗೀತವನ್ನೇ ನುಡಿಸಿ, ನಡುನಡುವೆ ಧೈರ್ಯ ಕುಗ್ಗಿಸುವ ಮಾತು ಸೇರಿಸುತ್ತಿದ್ದವು. ಇದಕ್ಕೆ ಉತ್ತರ ಬೇಕಿತ್ತು. 1942ರ ಮೇ 26ರಂದು ಅಮೆರಿಕದ ಯುದ್ಧ ಇಲಾಖೆ ಸಶಸ್ತ್ರ ಪಡೆಗಳ ರೇಡಿಯೋ ಸೇವೆಯನ್ನು ಸ್ಥಾಪಿಸಿತು. ಇಂಗ್ಲಿಷಿನ ಮೊದಲಕ್ಷರ ಸೇರಿಸಿ ಅದನ್ನು ಎ.ಎಫ್.ಆರ್.ಎಸ್. ಎನ್ನುತ್ತಾರೆ. ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಲಾಸ್ ಏಂಜಲಿಸ್‌ನಲ್ಲಿ, ಹಾಲಿವುಡ್ ಕಲಾವಿದರ ಮನೆಬಾಗಿಲಲ್ಲೇ.

ಇವುಗಳಲ್ಲಿ ಹೆಸರಾದದ್ದು 'ಕಮಾಂಡ್ ಪರ್ಫಾರ್ಮೆನ್ಸ್'. 1942ರ ಮಾರ್ಚ್‌ನಲ್ಲಿ ಆರಂಭವಾದ ಈ ಕಾರ್ಯಕ್ರಮದಲ್ಲಿ ಆಜ್ಞೆ ಮಾಡುವವನು ಸಾಮಾನ್ಯ ಸೈನಿಕ. ಅವನು ಪತ್ರ ಬರೆದು ಕೇಳಿದ್ದನ್ನು ಕಲಾವಿದರು ಮಾಡಿ ತೋರಿಸಬೇಕು. ಬಾಬ್ ಹೋಪ್, ಬಿಂಗ್ ಕ್ರಾಸ್ಬಿ, ಜೂಡಿ ಗಾರ್ಲ್ಯಾಂಡ್, ಫ್ರಾಂಕ್ ಸಿನಾಟ್ರಾ ಎಲ್ಲರೂ ಸಂಭಾವನೆಯಿಲ್ಲದೆ ಬಂದರು. ಹಾಡು, ಹಾಸ್ಯ ಕೇಳಿದವರೇ ಹೆಚ್ಚು. ಆದರೆ ಬಾಣಲೆಯಲ್ಲಿ ಮಾಂಸ ಹುರಿಯುವ ಸದ್ದು, ಹಕ್ಕಿಯ ದನಿ ಬೇಕೆಂದು ಬರೆದವರೂ ಇದ್ದರು. ದೂರದಲ್ಲಿರುವವನಿಗೆ ಮನೆ ಎಂದರೆ ಮುಖಗಳು ಮಾತ್ರವಲ್ಲ, ಸದ್ದುಗಳೂ ಹೌದು ಎಂಬುದು ಇದರಿಂದ ತಿಳಿಯುತ್ತದೆ. ಅಮೆರಿಕದೊಳಗಿನ ಜನರಿಗೆ ಈ ಕಾರ್ಯಕ್ರಮ ಸಾಮಾನ್ಯವಾಗಿ ಕೇಳಿಸುತ್ತಿರಲಿಲ್ಲ. 1942ರ ಕ್ರಿಸ್‌ಮಸ್ ವಿಶೇಷ ಕಂತು ಮುಖ್ಯ ಅಪವಾದ.

16 ಇಂಚಿನ ಡಿಸ್ಕ್ ಮತ್ತು ನಮ್ಮ ಅರಗು

ಆಗ ಉಪಗ್ರಹವಿಲ್ಲ. ಟೇಪ್ ಅಮೆರಿಕದಲ್ಲಿ ಇನ್ನೂ ಬಳಕೆಗೆ ಬಂದಿರಲಿಲ್ಲ. ಶಾರ್ಟ್‌ವೇವ್ ಪ್ರಸಾರ ಇತ್ತು, ಆದರೆ ಹವೆ ಮತ್ತು ಹೊತ್ತಿಗೆ ತಕ್ಕಂತೆ ಅದು ಏರಿಳಿಯುತ್ತಿತ್ತು. ಹಾಗಾಗಿ ಕಾರ್ಯಕ್ರಮವನ್ನು ದೊಡ್ಡ ಡಿಸ್ಕ್‌ಗಳಲ್ಲಿ ಅಚ್ಚು ಹಾಕಿ ಹಡಗು, ವಿಮಾನಗಳಲ್ಲಿ ಕಳುಹಿಸಿದರು. ಡಿಸ್ಕಿನ ವ್ಯಾಸ 16 ಇಂಚು, ಅಂದರೆ ಸುಮಾರು 40 ಸೆಂಟಿಮೀಟರ್. ನಿಮಿಷಕ್ಕೆ 33⅓ ಸುತ್ತು. ಒಂದು ಬದಿಗೆ ಸುಮಾರು 15 ನಿಮಿಷ. ಅರ್ಧ ಗಂಟೆಯ ಕಾರ್ಯಕ್ರಮಕ್ಕೆ ಎರಡು ಬದಿ ಬೇಕು. ಅಂಗಡಿಯಲ್ಲಿ ಸಿಗುತ್ತಿದ್ದ 10 ಇಂಚಿನ 78 ಸುತ್ತಿನ ರೆಕಾರ್ಡಿನಲ್ಲಿ ಹಿಡಿಯುತ್ತಿದ್ದುದು ಮೂರೇ ನಿಮಿಷ.

ಇನ್ನೊಂದು ವ್ಯತ್ಯಾಸವೂ ಇತ್ತು. ಅಂಗಡಿಯ ರೆಕಾರ್ಡುಗಳಿಗೆ ಮುಖ್ಯ ಕಚ್ಚಾವಸ್ತು ಶೆಲ್ಯಾಕ್, ಅಂದರೆ ಸಂಸ್ಕರಿಸಿದ ಅರಗು. ಮುತ್ತುಗ, ಬೋರೆಯಂಥ ಮರಗಳ ಕೊಂಬೆಗಳ ಮೇಲೆ ಒಂದು ಪುಟ್ಟ ಕೀಟ ಸ್ರವಿಸುವ ಅಂಟು ಅದು. ಜಗತ್ತಿಗೆ ಅದನ್ನು ಮುಖ್ಯವಾಗಿ ಕೊಡುತ್ತಿದ್ದುದು ಭಾರತ. ಮತದಾನದ ದಿನ ಬೆರಳಿಗೆ ಹಚ್ಚುವ ಶಾಯಿಯನ್ನು ತಯಾರಿಸುವ ಮೈಸೂರಿನ ಕಾರ್ಖಾನೆ 1937ರಲ್ಲಿ ಆರಂಭವಾದಾಗ ಅದರ ಹೆಸರಿನಲ್ಲೇ 'ಲ್ಯಾಕ್', ಅಂದರೆ ಅರಗು ಇತ್ತು. ಯುದ್ಧದಿಂದ ಸಮುದ್ರ ಸಾಗಣೆಗೆ ತೊಡಕಾಯಿತು, ಶಸ್ತ್ರಾಸ್ತ್ರ ತಯಾರಿಕೆಗೂ ಅರಗು ಬೇಕಾಯಿತು. 1942ರಲ್ಲಿ ಅಮೆರಿಕ ಸರ್ಕಾರ ರೆಕಾರ್ಡ್ ಕಂಪನಿಗಳಿಗೆ ಶೆಲ್ಯಾಕ್ ಬಳಕೆಯನ್ನು ಬಿಗಿಯಾಗಿ ಸೀಮಿತಗೊಳಿಸಿತು. ಜೊತೆಗೆ ಶೆಲ್ಯಾಕ್ ರೆಕಾರ್ಡ್ ಕೈಜಾರಿದರೆ ಹೆಂಚಿನಂತೆ ಒಡೆಯುತ್ತದೆ. ಸೇನೆಯ ಡಿಸ್ಕ್‌ಗಳಿಗೆ ಬಾಗಿದರೂ ಒಡೆಯದ ವಿನೈಲ್ ಬಳಸಿದರು. ಅವು ಇಂದಿಗೂ ನುಡಿಯುವ ಸ್ಥಿತಿಯಲ್ಲಿರಲು ಇದೂ ಒಂದು ಕಾರಣ.

"ಬಳಸಿದ ಮೇಲೆ ನಾಶ ಮಾಡಿ"

ಕಲಾವಿದರು ಮತ್ತು ಅವರ ಸಂಘಟನೆಗಳು ಸಂಭಾವನೆ ಬಿಟ್ಟುಕೊಟ್ಟದ್ದು ಒಂದು ಷರತ್ತಿನ ಮೇಲೆ: ಈ ಧ್ವನಿಮುದ್ರಣಗಳು ಸೈನಿಕರಿಗೆ ಮಾತ್ರ, ವ್ಯಾಪಾರಕ್ಕಲ್ಲ. ಹಾಗಾಗಿ ಡಿಸ್ಕ್‌ಗಳು ಸರ್ಕಾರದ ಸೊತ್ತಾಗಿದ್ದವು. ಪ್ರಸಾರ ಮುಗಿದ ಮೇಲೆ ಅವು ಖಾಸಗಿಯವರ ಕೈಗೆ ಹೋಗಬಾರದಿತ್ತು. ಅಪಾರ ಸಂಖ್ಯೆಯಲ್ಲಿ ಅವುಗಳನ್ನು ನಾಶಮಾಡಿದರು.

ಸೈನಿಕರು ತಾವೇ ನುಡಿಸಿ ಕೇಳಲೆಂದು ಕಳುಹಿಸಿದ 12 ಇಂಚಿನ 'ವಿ-ಡಿಸ್ಕ್'ಗಳ ಕಥೆಯೂ ಇದೇ. 1943ರಿಂದ 1949ರವರೆಗೆ 80 ಲಕ್ಷಕ್ಕೂ ಹೆಚ್ಚು ಪ್ರತಿಗಳು ಹೊರಬಂದವು. ಯೋಜನೆ ಮುಗಿದ ಮೇಲೆ ಮೂಲ ಅಚ್ಚುಗಳನ್ನು ನಾಶಪಡಿಸಿದರು. ಸೈನಿಕರು ಮನೆಗೆ ತಂದಿದ್ದ ಪ್ರತಿಗಳನ್ನೂ ಅಧಿಕಾರಿಗಳು ವಶಪಡಿಸಿಕೊಂಡ ಪ್ರಕರಣಗಳಿವೆ.

ಇದನ್ನು ದುಷ್ಟತನ ಎನ್ನಲಾಗದು. ಕಲಾವಿದರಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಕ್ರಮ ಅದು. ಆದರೆ ಪರಿಣಾಮ ನೋಡಿ. 1942ರ ಆಗಸ್ಟ್ 1ರಿಂದ ಅಮೆರಿಕದ ವಾದ್ಯಗಾರರ ಸಂಘ ರೆಕಾರ್ಡ್ ಕಂಪನಿಗಳ ವಿರುದ್ಧ ಮುಷ್ಕರ ಹೂಡಿತ್ತು. ದೊಡ್ಡ ಕಂಪನಿಗಳೊಂದಿಗೆ ಅದು ಪೂರ್ತಿ ಇತ್ಯರ್ಥವಾದದ್ದು 1944ರ ನವೆಂಬರ್‌ನಲ್ಲಿ. ಆ ಎರಡು ವರ್ಷಗಳ ಅಮೆರಿಕದ ವಾದ್ಯ ಸಂಗೀತ ಅಂಗಡಿಯ ರೆಕಾರ್ಡುಗಳಲ್ಲಿ ಬಹಳ ಕಡಿಮೆ. ಸೈನಿಕರಿಗಾಗಿ ಮಾಡಿದ ಧ್ವನಿಮುದ್ರಣಗಳಲ್ಲಿ ಅದು ಇದೆ. ನಾಶಕ್ಕೆಂದು ಗುರುತು ಮಾಡಿದ ವಸ್ತುವೇ ಒಂದು ಕಾಲದ ಸಾಕ್ಷಿಯಾಯಿತು.

'ಜುಬಿಲಿ' ಹೇಳುವ ಸಾಕ್ಷ್ಯ

1942ರ ಅಕ್ಟೋಬರ್‌ನಲ್ಲಿ ಆರಂಭವಾದ 'ಜುಬಿಲಿ' ಎಂಬ ಕಾರ್ಯಕ್ರಮ ಕಪ್ಪು ಸೈನಿಕರನ್ನು ಗುರಿಯಾಗಿಟ್ಟುಕೊಂಡದ್ದು. ಡ್ಯೂಕ್ ಎಲಿಂಗ್ಟನ್, ಕೌಂಟ್ ಬೇಸಿ, ಲೀನಾ ಹಾರ್ನ್ ಅವರಂಥ ಕಲಾವಿದರು ಅದರಲ್ಲಿ ಬಂದರು. ಆದರೆ ಪ್ರತ್ಯೇಕ ಕಾರ್ಯಕ್ರಮ ಏಕೆ ಬೇಕಾಯಿತು? ಆಗ ಅಮೆರಿಕದ ಸೇನೆಯಲ್ಲಿ ಕಪ್ಪು ಮತ್ತು ಬಿಳಿ ಸೈನಿಕರ ಪಡೆಗಳೇ ಬೇರೆ ಬೇರೆ. ಪ್ರಜಾಪ್ರಭುತ್ವಕ್ಕಾಗಿ ಹೋರಾಡುತ್ತಿದ್ದ ಸೇನೆಯೊಳಗೇ ವರ್ಣಭೇದವಿತ್ತು. ನಮ್ಮ ಅಸ್ಸಾಮಿನ ಲೇಡೋದಿಂದ ಬರ್ಮಾದ ಕಾಡಿನ ಮೂಲಕ ರಸ್ತೆ ಕಡಿದ ಅಮೆರಿಕನ್ನರಲ್ಲಿ ಬಹುಪಾಲು ಇಂಥ ಪ್ರತ್ಯೇಕ ಪಡೆಗಳ ಕಪ್ಪು ಸೈನಿಕರು. ಸೇನೆಯಲ್ಲಿ ಸಮಾನ ಅವಕಾಶದ ಆದೇಶಕ್ಕೆ ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ್ದು ಯುದ್ಧ ಮುಗಿದ ಮೇಲೆ, 1948ರ ಜುಲೈ 26ರಂದು.

'ಜುಬಿಲಿ' ಕೇಳುವವರಿಗೆ ಕೇಳಿಸುವುದು ನಗು, ಚಪ್ಪಾಳೆ, ಅತ್ಯುತ್ತಮ ಸಂಗೀತ. ಆ ಸಂತೋಷದ ಹಿಂದಿನ ಗೋಡೆ ಡಿಸ್ಕಿನಲ್ಲಿ ಕೇಳಿಸುವುದಿಲ್ಲ. ಅದನ್ನು ತಿಳಿಯಲು ಯಾರಿಗಾಗಿ, ಯಾವಾಗ, ಯಾರು ಮಾಡಿದ್ದು ಎಂಬ ವಿವರ ಬೇಕು. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ: ಧ್ವನಿಯನ್ನು ಉಳಿಸುವುದೆಂದರೆ ಸದ್ದನ್ನು ಉಳಿಸುವುದಷ್ಟೇ ಅಲ್ಲ, ಆ ಸದ್ದು ಏನು ಎಂಬ ತಿಳಿವಳಿಕೆಯನ್ನೂ ಜೊತೆಗೇ ಉಳಿಸುವುದು.

ಇನ್ನೊಂದು ಉದಾಹರಣೆ. ಅಮೆರಿಕದ ಖಾಸಗಿ ರೇಡಿಯೋಗಳ ಜನಪ್ರಿಯ ಕಾರ್ಯಕ್ರಮಗಳನ್ನೂ ಸೇನೆ ಪಡೆದುಕೊಂಡು ಜಾಹೀರಾತು ತೆಗೆದು ಡಿಸ್ಕ್ ಮಾಡುತ್ತಿತ್ತು. ಪ್ರಾಯೋಜಕರ ಹೆಸರು ಕಾರ್ಯಕ್ರಮದ ಹೆಸರಿನಲ್ಲಿದ್ದರೆ ಅದನ್ನೂ ಕತ್ತರಿಸುತ್ತಿತ್ತು. 'ಕ್ರಾಫ್ಟ್ ಮ್ಯೂಸಿಕ್ ಹಾಲ್' ಬರೀ 'ಮ್ಯೂಸಿಕ್ ಹಾಲ್' ಆಯಿತು. ಖಾಲಿಯಾದ ಜಾಗಕ್ಕೆ ಸಂಗೀತವನ್ನೋ ಸೈನಿಕರಿಗೆ ಸೂಚನೆಯನ್ನೋ ತುಂಬುತ್ತಿದ್ದರು. ಎಷ್ಟೋ ಕಾರ್ಯಕ್ರಮಗಳ ಮೂಲ ಪ್ರತಿ ಇಂದು ಇಲ್ಲ, ಸೇನೆಯ ಪ್ರತಿ ಮಾತ್ರ ಇದೆ. ಅದನ್ನೇ ಮೂಲವೆಂದು ನಂಬಿದರೆ ಆ ಕಾಲದ ಅಮೆರಿಕದ ರೇಡಿಯೋದಲ್ಲಿ ಜಾಹೀರಾತೇ ಇರಲಿಲ್ಲ ಎಂಬ ತಪ್ಪು ತೀರ್ಮಾನಕ್ಕೆ ಬಂದುಬಿಡುತ್ತೇವೆ.

ಉಳಿಸುವ ಕ್ರಮ

ಇಂಥ ಡಿಸ್ಕ್‌ಗಳ ಬಹುದೊಡ್ಡ ಸಂಗ್ರಹ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಅದರ ಧ್ವನಿ ಮತ್ತು ದೃಶ್ಯ ಸಂರಕ್ಷಣಾ ಕೇಂದ್ರ ವರ್ಜೀನಿಯಾದ ಕಲ್ಪೆಪರ್‌ನಲ್ಲಿ 2007ರಲ್ಲಿ ಆರಂಭವಾಯಿತು. ಅಣುಯುದ್ಧ ನಡೆದರೆ ಬೇಕಾಗುವ ನೋಟುಗಳನ್ನು ಕೂಡಿಡಲು ಕಟ್ಟಿದ್ದ ನೆಲದಡಿಯ ಕೋಠಿ ಅದು. ಈಗ ಅಲ್ಲಿ ಧ್ವನಿ ಮತ್ತು ಚಿತ್ರಗಳಿವೆ. ಸಂರಕ್ಷಣೆಯ ಹೆಜ್ಜೆಗಳನ್ನು ಹೀಗೆ ಹೇಳಬಹುದು.

1. ಗುರುತಿಸುವುದು: ಲೇಬಲ್ ಮೇಲಿನ ಕಾರ್ಯಕ್ರಮದ ಹೆಸರು, ಸಂಖ್ಯೆ, ಭಾಗ, ಅಂಚಿನಲ್ಲಿ ಕೊರೆದ ಅಂಕೆಗಳು ಎಲ್ಲವನ್ನೂ ಬರೆದುಕೊಳ್ಳಬೇಕು, ಫೋಟೋ ತೆಗೆಯಬೇಕು. ಮೊದಲ ಭಾಗ ಸಿಕ್ಕಿ ಎರಡನೆಯದು ಸಿಗದಿದ್ದರೆ ಅದನ್ನೂ ದಾಖಲಿಸಬೇಕು.

2. ವಸ್ತುವನ್ನು ಅರಿಯುವುದು: ವಿನೈಲ್ ಡಿಸ್ಕ್ ಗಟ್ಟಿ. ಆದರೆ ಸ್ಥಳದಲ್ಲೇ ಕೊರೆದು ಮಾಡುತ್ತಿದ್ದ ಲ್ಯಾಕರ್ ಡಿಸ್ಕ್ ಬೇರೆ. ಅಲ್ಯೂಮಿನಿಯಂ ತಗಡಿನ ಮೇಲೆ, ಯುದ್ಧಕಾಲದ ಅಭಾವದಲ್ಲಿ ಗಾಜಿನ ಮೇಲೆ, ತೆಳುವಾಗಿ ಬಳಿದ ಲೇಪ ಅದು. ವರ್ಷಗಳು ಕಳೆದಂತೆ ಲೇಪ ಕುಗ್ಗಿ ಸುಣ್ಣದ ಗೋಡೆಯಂತೆ ಸಿಪ್ಪೆಯೇಳುತ್ತದೆ. ಅದಕ್ಕೇ ಲ್ಯಾಕರ್ ಡಿಸ್ಕಿಗೆ ಮೊದಲ ಸರದಿ.

3. ತೊಳೆಯುವುದು: ಭಟ್ಟಿ ಇಳಿಸಿದ ನೀರು, ಮೃದುವಾದ ಮಾರ್ಜಕ. ಸ್ಪಿರಿಟ್ ಬಳಸಬಾರದು, ಶೆಲ್ಯಾಕ್ ಮತ್ತು ಲ್ಯಾಕರ್ ಅದರಲ್ಲಿ ಕರಗುತ್ತವೆ.

4. ಸರಿಯಾದ ಮುಳ್ಳು: 1948ರಲ್ಲಿ ಎಲ್.ಪಿ. ರೆಕಾರ್ಡ್ ಬರುವ ಮೊದಲಿನ ಡಿಸ್ಕ್‌ಗಳ ಗೀರು ಅಗಲ. ಈಗಿನ ಸಣ್ಣ ಮುಳ್ಳು ಅದರ ತಳದಲ್ಲಿ ಉಜ್ಜುತ್ತಾ ಕಸದ ಸದ್ದನ್ನೇ ಎತ್ತಿಕೊಳ್ಳುತ್ತದೆ. ಗೀರಿನ ಎರಡೂ ಗೋಡೆಗಳನ್ನು ಮುಟ್ಟುವ ಅಗಲದ ಮುಳ್ಳು ಬೇಕು.

5. ಸರಿಯಾದ ವೇಗ: ವೇಗ ತಪ್ಪಿದರೆ ಶ್ರುತಿ ತಪ್ಪುತ್ತದೆ. ಅಮೆರಿಕದ ವಿದ್ಯುತ್ತಿನ ಆವೃತ್ತಿ 60 ಹರ್ಟ್ಸ್, ನಮ್ಮದು 50. ಧ್ವನಿಮುದ್ರಣದ ಯಂತ್ರದಲ್ಲಿ ವಿದ್ಯುತ್ತಿನ ಗುಂಯ್‌ಗುಡುವಿಕೆ ಸೇರಿಕೊಂಡಿದ್ದರೆ ಅದನ್ನು ಅಳೆಯಬಹುದು. ಅದು 60ರ ಬದಲು 61.8 ಹರ್ಟ್ಸ್ ತೋರಿದರೆ ಡಿಸ್ಕ್ ಶೇಕಡ 3ರಷ್ಟು ವೇಗವಾಗಿ ತಿರುಗುತ್ತಿದೆ ಎಂದರ್ಥ.

6. ಡಿಜಿಟಲ್ ಪ್ರತಿ: ಸೆಕೆಂಡಿಗೆ 96,000 ಮಾದರಿಗಳು, ಪ್ರತಿ ಮಾದರಿಗೆ 24 ಬಿಟ್, ಅಂದರೆ 3 ಬೈಟ್. ಗುಣಿಸಿದರೆ ಸೆಕೆಂಡಿಗೆ 2,88,000 ಬೈಟ್. 15 ನಿಮಿಷದ ಒಂದು ಬದಿಗೆ ಸುಮಾರು 259 ಮೆಗಾಬೈಟ್. ಎಂಪಿ3ಯಂತೆ ಕುಗ್ಗಿಸಿದರೆ ಜಾಗ ಉಳಿಯುತ್ತದೆ, ಆದರೆ ಬಿಟ್ಟುಹೋದ ಅಂಶ ಮತ್ತೆ ಸಿಗುವುದಿಲ್ಲ. ಆದ್ದರಿಂದ ಮೂಲ ಪ್ರತಿಯನ್ನು ಕುಗ್ಗಿಸುವುದಿಲ್ಲ.

7. ಒಂದಕ್ಕಿಂತ ಹೆಚ್ಚು ಕಡೆ ಇಡುವುದು: ಒಂದೇ ಪ್ರತಿ ಇದ್ದರೆ ಇಲ್ಲವೆಂದೇ ಲೆಕ್ಕ.

"ಹಳೆಯ ಗರಗರ ಸದ್ದನ್ನು ತೆಗೆದು ಚೆನ್ನಾಗಿ ಮಾಡಬಾರದೇ ಸರ್?" ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಮಾಡಬಹುದು, ಆದರೆ ಇನ್ನೊಂದು ಪ್ರತಿಯಲ್ಲಿ. ಗರಗರವನ್ನು ಅಳಿಸುವ ತಂತ್ರಾಂಶ ಕೆಲವೊಮ್ಮೆ ಚಪ್ಪಾಳೆಯ ತುದಿಯನ್ನೂ ಗಾಯಕಿಯ ಉಸಿರನ್ನೂ ಅಳಿಸುತ್ತದೆ. ಡಿಸ್ಕ್ ನುಡಿದದ್ದು ನುಡಿದಂತೆಯೇ ಒಂದು ಪ್ರತಿ ಇರಲೇಬೇಕು. ನಾಳೆ ಇನ್ನೂ ಒಳ್ಳೆಯ ತಂತ್ರ ಬಂದಾಗ ಕೆಲಸ ಆರಂಭವಾಗುವುದು ಆ ಪ್ರತಿಯಿಂದಲೇ.

2000ದಲ್ಲಿ ಅಮೆರಿಕ ಧ್ವನಿಮುದ್ರಣಗಳ ಸಂರಕ್ಷಣೆಗೆಂದೇ ಕಾನೂನು ಮಾಡಿತು. ಅದರಡಿ ರೂಪಿಸಿದ ರಾಷ್ಟ್ರೀಯ ಪಟ್ಟಿಯಲ್ಲಿ ಬಾಬ್ ಹೋಪ್ ನಡೆಸಿಕೊಟ್ಟ 1942ರ 'ಕಮಾಂಡ್ ಪರ್ಫಾರ್ಮೆನ್ಸ್' ಕಂತೂ ಸೇರಿದೆ.

ನಮ್ಮ ಮನೆಯ ಕಪಾಟು

ದೂರದಲ್ಲಿರುವವರಿಗೆ ಧ್ವನಿ ಕಳುಹಿಸಿದ ಅನುಭವ ನಮ್ಮ ಕರಾವಳಿಯ ಮನೆಗಳಿಗೂ ಇದೆ. 1970 ಮತ್ತು 80ರ ದಶಕಗಳಲ್ಲಿ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರಿಗೆ ಫೋನ್ ದುಬಾರಿ. ಊರಿಗೆ ಬರುವವರ ಕೈಯಲ್ಲಿ ಮಾತು ತುಂಬಿದ ಕ್ಯಾಸೆಟ್ ಕೊಡುತ್ತಿದ್ದರು, ಮನೆಯವರು ಉತ್ತರ ತುಂಬಿ ಕಳುಹಿಸುತ್ತಿದ್ದರು. ನನ್ನ ತಂದೆ ದಮ್ಮಾಮ್‌ನಿಂದ ಕಳುಹಿಸಿದ ಎರಡು ಕ್ಯಾಸೆಟ್ ನಮ್ಮಲ್ಲಿವೆ. ಅವುಗಳಲ್ಲಿ ಐದಾರು ಜನರ ದನಿಯಿದೆ. ಯಾರು ಯಾರೆಂದು ಈಗ ಹೇಳಬಲ್ಲವರು ನನ್ನ ತಾಯಿ ಒಬ್ಬರೇ. ಕ್ಯಾಸೆಟ್ಟನ್ನು ಯಾವ ಅಂಗಡಿಯಲ್ಲಾದರೂ ಡಿಜಿಟಲ್ ಮಾಡಿಸಬಹುದು. ಹೆಸರುಗಳನ್ನು ಮಾಡಿಸಲಾಗದು. ಈ ರಜೆಯಲ್ಲಿ ಅವರ ಪಕ್ಕದಲ್ಲಿ ಕುಳಿತು ಒಂದೊಂದನ್ನೇ ಬರೆದುಕೊಂಡೆ.

ಚಟುವಟಿಕೆ

ಮುಂದಿನ ತಿಂಗಳೊಳಗೆ ಪ್ರತಿಯೊಬ್ಬರೂ ಮನೆಯಲ್ಲಿ ಅಥವಾ ನೆರೆಯಲ್ಲಿರುವ ಒಂದು ಹಳೆಯ ಧ್ವನಿಮುದ್ರಣವನ್ನು ಹುಡುಕಿ. ಕ್ಯಾಸೆಟ್ ಆದರೆ ಮೊದಲು ಅದರ ಬೆನ್ನಿನ ಎರಡು ಪುಟ್ಟ ಪ್ಲಾಸ್ಟಿಕ್ ಮುಚ್ಚಳಗಳನ್ನು ಮುರಿಯಿರಿ. ಆಗ ಯಾರೂ ತಿಳಿಯದೆ ಅದರ ಮೇಲೆ ಮತ್ತೆ ಧ್ವನಿಮುದ್ರಿಸಲಾಗದು. ಬೂಷ್ಟು ಕಂಡರೆ ನುಡಿಸಬೇಡಿ. ಒಂದು ಹಾಳೆಯಲ್ಲಿ ಈ ಐದು ಪ್ರಶ್ನೆಗಳಿಗೆ ಉತ್ತರ ಬರೆದು ಇತಿಹಾಸ ವಿಭಾಗಕ್ಕೆ ಕೊಡಿ:

1. ಮಾತನಾಡುತ್ತಿರುವವರು ಯಾರು?
2. ಯಾರಿಗಾಗಿ?
3. ಎಲ್ಲಿ, ಯಾವಾಗ ಧ್ವನಿಮುದ್ರಿಸಿದ್ದು?
4. ಇದರಲ್ಲಿ ಯಾವುದಾದರೂ ಭಾಗ ಅಳಿದಿದೆಯೇ, ಕತ್ತರಿಸಲಾಗಿದೆಯೇ?
5. ಈ ವಿವರಗಳನ್ನು ನಿಮಗೆ ಹೇಳಿದವರು ಯಾರು?

ಐದನೆಯ ಪ್ರಶ್ನೆಯನ್ನು ಬಿಡಬೇಡಿ. ಉತ್ತರ ಕೊಡಬಲ್ಲವರಿಗೆ ವಯಸ್ಸಾಗಿರುತ್ತದೆ. ಧ್ವನಿ ಆಮೇಲೆ, ಮೊದಲು ಅವರನ್ನು ಕೇಳಿ.