ಹೊಸದು ಕಟ್ಟಿದರೂ ಓಡಿದ್ದು ಹಳೆಯದೇ!

ಮಕ್ಕಳೇ, 37 ಡಿಗ್ರಿ ಸೆಲ್ಸಿಯಸ್ ಅಂದ್ರೆ ಎಷ್ಟು ಫ್ಯಾರನ್‌ಹೀಟ್? 1.8ರಿಂದ ಗುಣಿಸಿ 32 ಕೂಡಿಸಿದರೆ 98.6. ಈ ಲೆಕ್ಕಕ್ಕೆ ನಾನೊಂದು ಸಣ್ಣ ಪ್ರೋಗ್ರಾಂ ಬರೆದಿದ್ದೆ. ಸೂತ್ರವನ್ನು ಮಾತ್ರ ಬೇರೆಯಾಗಿ ಶೇರ್ಡ್ ಲೈಬ್ರರಿಯಲ್ಲಿ, ಅಂದರೆ ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕಡತದಲ್ಲಿ ಇಟ್ಟಿದ್ದೆ. ಉತ್ತರ ಬಂದದ್ದು 66.6. 32 ಕೂಡಿಸುವುದನ್ನೇ ಮರೆತಿದ್ದೆ! ತಿದ್ದಿ, ಲೈಬ್ರರಿಯನ್ನು ಹೊಸದಾಗಿ ಕಟ್ಟಿ ಓಡಿಸಿದೆ. ಮತ್ತೆ 66.6. ಸೂತ್ರವನ್ನೇ ನೋಡುತ್ತಾ ಒಂದು ಗಂಟೆ ಹಾಳು.

ತಪ್ಪು ಸೂತ್ರದಲ್ಲಿ ಇರಲಿಲ್ಲ. ಸಾಮಾನ್ಯವಾಗಿ ಪ್ರೋಗ್ರಾಂನೊಳಗೆ ಲೈಬ್ರರಿಯ ಹೆಸರು ಮಾತ್ರ ಇರುತ್ತದೆ, ವಿಳಾಸ ಇರುವುದಿಲ್ಲ. ನಮ್ಮ ಲ್ಯಾಬಿನ ಲಿನಕ್ಸ್‌ನಲ್ಲಿ ಅದನ್ನು ಹುಡುಕಿ ತರುವ ಕೆಲಸ ಡೈನಾಮಿಕ್ ಲಿಂಕರ್‌ನದು. ತರಗತಿಯಲ್ಲಿ ಇಬ್ಬರು ಅಶ್ವಿನಿಯರಿದ್ದರೆ, ಕರೆದ ಕೂಡಲೇ ಮುಂದಿನ ಬೆಂಚಿನವಳು ಎದ್ದು ನಿಲ್ಲುತ್ತಾಳಲ್ಲ, ಹಾಗೆ: ಮೊದಲು ಸಿಕ್ಕಿದ್ದನ್ನೇ ಲಿಂಕರ್ ಎತ್ತಿಕೊಳ್ಳುತ್ತದೆ. ನಾನು ಹಿಂದೆ ಸಿಸ್ಟಮ್‌ನಲ್ಲಿ ಇನ್‌ಸ್ಟಾಲ್ ಮಾಡಿದ್ದ ಹಳೆಯ ಪ್ರತಿ ಅದಕ್ಕೆ ಸಿಕ್ಕಿತ್ತು.

ಲಿಂಕರ್ ಎಲ್ಲಿ ಹುಡುಕುತ್ತದೆ? ಪ್ರೋಗ್ರಾಂನೊಳಗೆ ಆರ್‌ಪಾತ್ ಎಂಬ ದಾರಿ ಬರೆದಿದ್ದರೆ ಮೊದಲು ಅಲ್ಲಿ. ಆಮೇಲೆ ಎಲ್‌ಡಿ ಲೈಬ್ರರಿ ಪಾತ್ ಎಂಬ ಚರದಲ್ಲಿರುವ ಫೋಲ್ಡರುಗಳಲ್ಲಿ. ನಂತರ ರನ್‌ಪಾತ್; ಇದಿದ್ದರೆ ಆರ್‌ಪಾತ್‌ಗೆ ಬೆಲೆಯೇ ಇಲ್ಲ. ಕೊನೆಗೆ ಸಿಸ್ಟಮ್‌ನ ಸಿದ್ಧ ಪಟ್ಟಿ ಮತ್ತು ಲಿಬ್ ಫೋಲ್ಡರುಗಳು.

ಹಾಗಾಗಿ ಹೊಸ ಲೈಬ್ರರಿ ಇರುವ ಫೋಲ್ಡರನ್ನು ಆ ಚರಕ್ಕೆ ಸೇರಿಸಿದೆ. ಆಗಲೂ 66.6! ಯಾಕೆ ಗೊತ್ತಾ? ಅದರಲ್ಲಿ ಹಳೆಯ ಫೋಲ್ಡರು ಮೊದಲೇ ಇತ್ತು, ನಾನು ಹೊಸದನ್ನು ಅದರ ಬಾಲಕ್ಕೆ ಕಟ್ಟಿದ್ದೆ. ಕೋಲನ್ ಚಿಹ್ನೆಯಿಂದ ಬೇರೆಯಾದ ಹೆಸರುಗಳನ್ನು ಲಿಂಕರ್ ಎಡದಿಂದ ಬಲಕ್ಕೆ ಓದುತ್ತದೆ. ಹೊಸದನ್ನು ಎಡತುದಿಗೆ ತಂದ ಮೇಲೆಯೇ 98.6 ಬಂತು. ಆರ್‌ಪಾತ್‌ನಲ್ಲಿ ಹಳೆಯ ದಾರಿ ಇದ್ದಿದ್ದರೆ ಇದೂ ಸಾಲುತ್ತಿರಲಿಲ್ಲ, ಪ್ರೋಗ್ರಾಂ ಅನ್ನೇ ಮತ್ತೆ ಕಟ್ಟಬೇಕಿತ್ತು.

ನನ್ನದು ತಪ್ಪು ಉತ್ತರ, ಹಾಗಾಗಿ ಸಿಕ್ಕಿಬಿತ್ತು. ಹಳೆಯದು ಸರಿಯಿದ್ದು ಹೊಸದು ಕೆಟ್ಟಿದ್ದರೆ? ಪರೀಕ್ಷೆ ಪಾಸ್ ಅನ್ನುತ್ತದೆ. ಹಳೆಯ ಪ್ರತಿ ಇಲ್ಲದ ಗೆಳೆಯನ ಕಂಪ್ಯೂಟರಿನಲ್ಲಿ ಬಣ್ಣ ಬಯಲಾಗುತ್ತದೆ.

ಈ ಚರವನ್ನು ಪರೀಕ್ಷೆಯ ಆ ಒಂದು ಆಜ್ಞೆಗೆ ಮಾತ್ರ ಕೊಡಿ. ಶಾಶ್ವತವಾಗಿ ಇಟ್ಟರೆ ಬೇರೆ ಪ್ರೋಗ್ರಾಂಗಳೂ ನಿಮ್ಮ ಅರೆಬೆಂದ ಲೈಬ್ರರಿಯನ್ನು ಎತ್ತಿಕೊಂಡಾವು. ಓಡಿಸುವ ಮೊದಲು, ಅದೇ ಚರವನ್ನು ಕೊಟ್ಟು, ಎಲ್‌ಡಿಡಿ ಎಂಬ ಆಜ್ಞೆಯ ಮುಂದೆ ಪ್ರೋಗ್ರಾಂನ ಹೆಸರು ಬರೆದು ಎಂಟರ್ ಒತ್ತಿ. ನಿಮ್ಮ ಲೈಬ್ರರಿಯ ಹೆಸರಿರುವ ಸಾಲಿನಲ್ಲಿ ಬಾಣದ ಬಲಗಡೆ ನೋಡಿ: ಯಾವ ಫೋಲ್ಡರಿನ ಲೈಬ್ರರಿ ಎಂದು ಅಲ್ಲೇ ಇರುತ್ತದೆ.