ತುರಹಳ್ಳಿ ಕಾಡಿನಲ್ಲಿ ಕಲಿತ ನೆರಳಿನ ಪಾಠ



ಕಳೆದ ಸಭೆ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಹಿರಿಯ ಸದಸ್ಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ಕಾರ್ಯದರ್ಶಿಗಳೆ, ಮರದ ವ್ಯಾಪಾರಿ ಬಂದು ಹೋಗಿದ್ದಾನೆ. ತೋಟದ ಕಾಡುಮರಗಳಿಗೆಲ್ಲ ಸೇರಿಸಿ ಒಂದೇ ದರ ಹೇಳಿದ್ದಾನೆ. ನೆರಳು ತೆಗೆದರೆ ರೊಬಸ್ಟಾ ಹೆಚ್ಚು ಕಾಯಿ ಕಟ್ಟುತ್ತದೆ, ಆ ಜಾಗಕ್ಕೆ ಸಿಲ್ವರ್ ಓಕ್ ಹಾಕಿ ಮೆಣಸು ಹಬ್ಬಿಸಿ ಎನ್ನುತ್ತಾರೆ. ಏನು ಮಾಡಲಿ, ಹೇಳಿ" ಎಂದರು. ಆಗ ನಾನು ನೇರವಾದ ಉತ್ತರ ಕೊಡಲಿಲ್ಲ. ಪತ್ರಿಕೆಯಲ್ಲಿ ಬರೆಯುತ್ತೇನೆ ಎಂದು ಹೇಳಿ ಬಂದೆ.

ಈ ಪ್ರಶ್ನೆ ಅವರೊಬ್ಬರದಲ್ಲ. 2024ರಲ್ಲಿ ರೊಬಸ್ಟಾ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿದ ಮೇಲೆ ನಮ್ಮ ಸುತ್ತಿನ ಅನೇಕ ತೋಟಗಳಲ್ಲಿ ಇದೇ ಮಾತು ನಡೆದಿದೆ. ನನಗೆ ಉತ್ತರ ಹೊಳೆದದ್ದು ಮಾತ್ರ ತೋಟದಲ್ಲಿ ಅಲ್ಲ, ಬೆಂಗಳೂರಿನ ಕೆಂಗೇರಿಯ ಪಕ್ಕದ ಒಂದು ಕಾಡಿನಲ್ಲಿ. ಮಲೆನಾಡಿನವನು ಬೆಂಗಳೂರಿಗೆ ಹೋಗಿ ಕಾಡು ನೋಡಿ ಬಂದ ಎಂದರೆ ನಿಮಗೆ ನಗು ಬರಬಹುದು. ಆದರೂ ದಯವಿಟ್ಟು ಕೊನೆಯ ತನಕ ಓದಬೇಕೆಂದು ಕೋರುತ್ತೇನೆ.

ಕೆಂಗೇರಿಯ ಆಚೆಗಿನ ಕಾಡು

ಶಿವರಾತ್ರಿ ಕಳೆದ ವಾರ ಸಂಘದ ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದೆ. ಹೋದಾಗಲೆಲ್ಲ ಉಳಿಯುವುದು ವಿಜಯನಗರದ ತಂಗಿಯ ಮನೆಯಲ್ಲಿ. ಅವಳ ಮಗ ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾನೆ, ರಜೆಗೆ ಬಂದಿದ್ದ. "ಮಾವ, ನಾಳೆ ಬೆಳಿಗ್ಗೆ ತುರಹಳ್ಳಿಗೆ ಹೋಗೋಣ ಬನ್ನಿ. ನಡೆದ ಹಾಗೂ ಆಗುತ್ತದೆ" ಎಂದ. ವಿಜಯನಗರದಿಂದ ಮೆಟ್ರೋ ಹಿಡಿದು ಕೆಂಗೇರಿಯಲ್ಲಿ ಇಳಿದು, ಅಲ್ಲಿಂದ ಉತ್ತರಹಳ್ಳಿ ರಸ್ತೆಯಲ್ಲಿ ಆಟೋ ಮಾಡಿಕೊಂಡು ಹೋದೆವು.

ತುರಹಳ್ಳಿ ಸುಮಾರು 600 ಎಕರೆಯ ಕಾಡು. ನಮ್ಮ ಘಟ್ಟದ ಕಾಡಿನ ಮುಂದೆ ಅದು ಕುರುಚಲೇ ಸರಿ. ಕಲ್ಲುಬಂಡೆಗಳು, ನಡುವೆ ಹೊಂಗೆ, ಬೇವು, ಜಾಲಿ, ಬಂದರಿಕೆ, ಲಾಂಟಾನ. ಸುತ್ತಲೂ ಮನೆಗಳು ಒತ್ತಿಕೊಂಡು ಬಂದಿವೆ. 2021ರಲ್ಲಿ ಇಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆ ಬಂದಾಗ ನಗರದ ಜನರೇ "ಕಾಡು ಕಾಡಾಗಿಯೇ ಇರಲಿ" ಎಂದು ಎದ್ದು ನಿಂತರು, ಯೋಜನೆಯನ್ನು ಕೈಬಿಡಲಾಯಿತು. ಮರದ ಬೆಲೆ ಮರ ಇಲ್ಲದವರಿಗೆ ಬೇಗ ತಿಳಿಯುತ್ತದೆಯೋ ಏನೋ.

ಈ ಕಾಡಿನ ಒಂದು ಭಾಗದಲ್ಲಿ ಹಿಂದೆ ನೆಟ್ಟ ನೀಲಗಿರಿ ಇದೆ. ಇನ್ನೊಂದು ಕಡೆ ಹೊಂಗೆ ಮೊದಲಾದ ಅಗಲ ಎಲೆಯ ಮರಗಳಿವೆ. ಎರಡರ ನಡುವೆ ಕಾಲುದಾರಿ ಹಾದು ಹೋಗುತ್ತದೆ. ಆ ದಾರಿಯೇ ನನಗೆ ಪಾಠಶಾಲೆಯಾಯಿತು.

ಕಾಡು ನೋಡುವ ಕ್ರಮ

ಕಾಡಿಗೆ ಹೋದರೆ ನಾವು ಸಾಮಾನ್ಯವಾಗಿ ತಲೆ ಎತ್ತಿ ನೋಡುತ್ತೇವೆ. ಮರ ಎಷ್ಟು ಎತ್ತರ, ಎಷ್ಟು ದಪ್ಪ, ಎಷ್ಟು ಅಡಿ ನಾಟ ಸಿಕ್ಕೀತು ಎಂದು ಲೆಕ್ಕ ಹಾಕುವುದು ನಮ್ಮ ಅಭ್ಯಾಸ. ಅಂದು ನಾನು ನೆಲ ನೋಡುತ್ತ ನಡೆದೆ.

ಹೊಂಗೆಯ ಬುಡದಲ್ಲಿ ಕುಳಿತು ದರಗನ್ನು ಕೈಯಿಂದ ಸರಿಸಿದೆ. ಮೇಲೆ ಆ ವರ್ಷ ಉದುರಿದ ಎಲೆ, ಇಡಿಯಾಗಿದೆ. ಅದರ ಕೆಳಗೆ ಹಿಂದಿನ ವರ್ಷದ್ದು, ಹರಿದು ಜಾಲರಿಯಾಗಿದೆ. ಅದರ ಕೆಳಗೆ ಎಲೆ ಯಾವುದು, ಮಣ್ಣು ಯಾವುದು ಎಂದು ತಿಳಿಯದ ಕಪ್ಪು ಪುಡಿ. ಬೆರಳಿಗೆ ತಂಪು ತಾಗಿತು. ಒಂದು ಒಣಗಿದ ಎಲೆಯಡಿಯಿಂದ ಸಹಸ್ರಪದಿಯೊಂದು ಹೊರಟು ಹೋಯಿತು. ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ದಿನಗಳು ಅವು ಎಂಬುದನ್ನು ಮರೆಯಬಾರದು.

ದಾರಿ ದಾಟಿ ನೀಲಗಿರಿಯ ಕೆಳಗೆ ಅದೇ ಕೆಲಸ ಮಾಡಿದೆ. ಅಲ್ಲಿಯೂ ಎಲೆ ಬಿದ್ದಿತ್ತು, ತೊಗಟೆಯ ಸಿಪ್ಪೆಯೂ ಇತ್ತು. ಆದರೆ ಮೇಲಿನ ಎಲೆಯೂ ಅಡಿಯ ಎಲೆಯೂ ಒಂದೇ ಹಾಗೆ, ಚರ್ಮದ ತುಂಡಿನಂತೆ ಬಿರುಸಾಗಿದ್ದವು. ಸರಿಸಿದರೆ ನೇರವಾಗಿ ಗಟ್ಟಿ ಕೆಂಪು ನೆಲ. ನಡುವಿನ ಕಪ್ಪು ಪುಡಿಯ ಪದರ ಕಾಣಲಿಲ್ಲ.

ಅಳಿಯನ ಕೈಯಲ್ಲಿ ನೀರಿನ ಬಾಟಲಿ ಇತ್ತು. ಎರಡೂ ಕಡೆ ಒಂದೊಂದು ಲೋಟದಷ್ಟು ನೀರನ್ನು ಒಂದೇ ಎತ್ತರದಿಂದ ಸುರಿದು, ಮನಸ್ಸಿನಲ್ಲಿ ಎಣಿಸಿದೆ. ಹೊಂಗೆಯ ಕೆಳಗೆ ಐದು ಎಣಿಸುವುದರೊಳಗೆ ನೀರು ಇಂಗಿತು. ನೀಲಗಿರಿಯ ಕೆಳಗೆ ಇಪ್ಪತ್ತು ಎಣಿಸಿದರೂ ಸ್ವಲ್ಪ ನಿಂತೇ ಇತ್ತು, ಸ್ವಲ್ಪ ಇಳಿಜಾರಿಗೆ ಹರಿದು ಹೋಯಿತು. ಇದು ಪ್ರಯೋಗಶಾಲೆಯ ಅಳತೆಯಲ್ಲ. ಆದರೆ ತೋಟಗಾರನ ಕಣ್ಣಿಗೆ ಇಷ್ಟು ಸಾಕು. ದರಗನ್ನು ಮತ್ತೆ ಮೊದಲಿನ ಹಾಗೆ ಮುಚ್ಚಿ ಎದ್ದೆವು.

ಅಗಲ ಎಲೆಯ ಕಾಡಿನ ಸಂಪತ್ತು ಕಾಂಡದಲ್ಲಿ ಇರುವಷ್ಟೇ ನೆಲದ ಮೇಲಿನ ಆ ನಾಲ್ಕು ಬೆರಳು ದಪ್ಪದ ಹೊದಿಕೆಯಲ್ಲಿಯೂ ಇದೆ. ವ್ಯಾಪಾರಿ ದರ ಕಟ್ಟುವಾಗ ಕಾಂಡಕ್ಕೆ ಮಾತ್ರ ಕಟ್ಟುತ್ತಾನೆ. ಹೊದಿಕೆಯ ಲೆಕ್ಕವನ್ನು ನಾವೇ ಇಡಬೇಕು.

ಇಂಗ್ಲೆಂಡಿನವರು ಕಲಿತದ್ದು

ಬಂಡೆಯ ಮೇಲೆ ಕುಳಿತಾಗ ಅಳಿಯ ತಾನು ನೋಡಿದ ಕಾಡಿನ ಕಥೆ ಹೇಳಿದ. ಅವನಿರುವುದು ಪೂರ್ವ ಇಂಗ್ಲೆಂಡಿನ ಸಫೊಕ್ ಸೀಮೆಯಲ್ಲಿ. ಅಲ್ಲಿ ಬ್ರಾಡ್‌ಫೀಲ್ಡ್ ವುಡ್ಸ್ ಎಂಬ ಅಗಲ ಎಲೆಯ ಕಾಡಿದೆ. ಹಿಂದೆ ಅದು ಒಂದು ಕ್ರೈಸ್ತ ಮಠದ ಸ್ವತ್ತು. 1252ರಿಂದಲೂ ಅಲ್ಲಿ ಕಟಾವು ನಡೆದು ಬಂದಿದೆ. "ಅಂದರೆ ಏಳುನೂರು ವರ್ಷಕ್ಕೂ ಮಿಕ್ಕಿ ಕಡಿಯುತ್ತಲೇ ಇದ್ದಾರೆ ಮಾವ, ಆದರೂ ಕಾಡು ಇದೆ!" ಎಂದ.

ಗುಟ್ಟು ಕಡಿಯುವ ಕ್ರಮದಲ್ಲಿದೆ. ಹೇಜಲ್, ಆಶ್ ಮೊದಲಾದ ಮರಗಳನ್ನು ಬುಡದ ಹತ್ತಿರ ಕಡಿದು ಚಿಗುರಲು ಬಿಡುತ್ತಾರೆ. ಬೇರು ಮುಟ್ಟುವುದಿಲ್ಲ. ಒಂದು ವರ್ಷ ಒಂದು ತಾಕು, ಮರು ವರ್ಷ ಇನ್ನೊಂದು. ಸರದಿ ಸುತ್ತಿ ಬರುವ ಹೊತ್ತಿಗೆ ಮೊದಲ ತಾಕಿನಲ್ಲಿ ಮತ್ತೆ ಗಳು, ಗೂಟ, ಸೌದೆ ಸಿದ್ಧ. ನಡುನಡುವೆ ಓಕ್‌ನಂಥ ದೊಡ್ಡ ಮರಗಳನ್ನು ನಾಟಕ್ಕಾಗಿ ಬಿಟ್ಟಿರುತ್ತಾರೆ. ವಸಂತದಲ್ಲಿ ಮರಗಳ ಎಲೆ ಕೂಡಿಕೊಳ್ಳುವ ಮೊದಲೇ ಬಿಸಿಲು ನೆಲಕ್ಕೆ ಇಳಿಯುವುದರಿಂದ ಬ್ಲೂಬೆಲ್ ಎಂಬ ನೀಲಿ ಹೂ ನೆಲ ತುಂಬ ಅರಳುತ್ತದಂತೆ. ಬೆಳಕು ಎಷ್ಟು ಬೇಕೋ ಅಷ್ಟೇ ಅಲ್ಲ, ಯಾವಾಗ ಬೇಕೋ ಆಗ ಬರಬೇಕು ಎಂಬುದನ್ನು ಗಮನಿಸಿ. ನಮ್ಮ ಮರಗಸಿಯ ತತ್ತ್ವವೂ ಇದೇ ತಾನೆ?

ಆದರೆ ಅದೇ ದೇಶ ತಪ್ಪನ್ನೂ ಮಾಡಿತು. ಮೊದಲನೆಯ ಮಹಾಯುದ್ಧದಲ್ಲಿ ಮರಮುಟ್ಟಿಗೆ ಪರದಾಡಿದ ಬಳಿಕ 1919ರಲ್ಲಿ ಅರಣ್ಯ ಆಯೋಗ ಸ್ಥಾಪಿಸಿ, ಬೇಗ ಬೆಳೆಯುವ ಸೂಜಿ ಎಲೆಯ ಮರಗಳನ್ನು ನೆಡುತ್ತ ಹೋದರು. ಎಷ್ಟೋ ಹಳೆಯ ಅಗಲ ಎಲೆಯ ಕಾಡುಗಳನ್ನು ತೆಗೆದು ಅಲ್ಲಿಯೂ ಅದನ್ನೇ ನೆಟ್ಟರು. ಬ್ರಾಡ್‌ಫೀಲ್ಡಿನಲ್ಲಿಯೂ 1960ರ ದಶಕದಲ್ಲಿ ಒಂದು ಭಾಗವನ್ನು ಬೇರುಸಹಿತ ಕಿತ್ತು ಹೊಲ ಮಾಡಲಾಯಿತು. ಕೊನೆಗೆ 1985ರಲ್ಲಿ ಅಗಲ ಎಲೆಯ ಮರಗಳನ್ನು ಉಳಿಸುವ ನೀತಿಯನ್ನು ಸರ್ಕಾರವೇ ಪ್ರಕಟಿಸಬೇಕಾಯಿತು. ಈಗ ಅಂಥ ಹಳೆಯ ತಾಣಗಳಲ್ಲಿ ಸೂಜಿ ಎಲೆಯ ಮರಗಳನ್ನು ಹಂತಹಂತವಾಗಿ ತೆಗೆದು ಹಳೆಯ ಕಾಡನ್ನು ಕರೆತರುವ ಕೆಲಸ ನಡೆದಿದೆ. ಕಡಿಯಲು ಒಂದು ವಾರ ಸಾಕು, ಕರೆತರಲು ತಲೆಮಾರುಗಳೇ ಬೇಕು.

ನಮ್ಮ ಹಿರಿಯರಿಗೆ ಗೊತ್ತಿತ್ತು

ಇದನ್ನು ಕಲಿಯಲು ನಾವು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ನಮ್ಮ ಅಡಿಕೆ ಬೆಳೆಗಾರರ ಸೊಪ್ಪಿನ ಬೆಟ್ಟ ಎಂದರೆ ಇದೇ ಶಾಸ್ತ್ರ. ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೂ ಬೆಟ್ಟದ ಸೌಲಭ್ಯ ಇತ್ತು. ಕೊಂಬೆ ಸವರಿ ಸೊಪ್ಪು ತರುವುದು, ದರಗು ಗುಡಿಸಿ ಕೊಟ್ಟಿಗೆಗೆ ಹಾಕುವುದು, ಗೊಬ್ಬರ ಮಾಡಿ ತೋಟಕ್ಕೆ ಹೊರುವುದು. ಮರವನ್ನು ಬುಡಮಟ್ಟ ಕಡಿಯುವಂತಿರಲಿಲ್ಲ. ಬೆಟ್ಟ ಬೋಳಾದರೆ ತೋಟ ಸೊರಗುತ್ತದೆ ಎಂಬುದು ಮಕ್ಕಳಿಗೂ ಗೊತ್ತಿತ್ತು.

1983ರ ಸೆಪ್ಟೆಂಬರಿನಲ್ಲಿ ಶಿರಸಿ ಬಳಿಯ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದು ಹೋಗಿ, ಕಡಿಯಲು ಬಂದಿದ್ದ ಮರಗಳನ್ನು ಅಪ್ಪಿ ನಿಂತರು. ಪಾಂಡುರಂಗ ಹೆಗಡೆ ಮೊದಲಾದವರು ಮುಂದೆ ನಿಂತ ಆ ಅಪ್ಪಿಕೋ ಚಳವಳಿಯಲ್ಲಿ ಅಡಿಕೆ ಬೆಳೆಗಾರರು ದೊಡ್ಡ ಸಂಖ್ಯೆಯಲ್ಲಿದ್ದರು. ಹಲವು ಜಾತಿಯ ಕಾಡು ಹೋಗಿ ತೇಗ, ನೀಲಗಿರಿಯ ನೆಡುತೋಪು ಬಂದರೆ ತೋಟದ ಸೊಪ್ಪು, ನೀರು ಎರಡೂ ಹೋಗುತ್ತವೆ ಎಂಬುದನ್ನು ಅವರು ಅನುಭವದಿಂದ ಬಲ್ಲವರಾಗಿದ್ದರು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಸಾಲ್ಕಣಿಯ ಜನ ಆ ಮಾತು ಹೇಳಿ ಅಷ್ಟರಲ್ಲಿ 34 ವರ್ಷ ಕಳೆದಿತ್ತು.

ನನ್ನ ತೋಟದ ಲೆಕ್ಕ

ಪರರ ತಪ್ಪು ಹೇಳಿ ನನ್ನದನ್ನು ಮುಚ್ಚಿಡುವುದು ಸರಿಯಲ್ಲ. 2002ರ ಸುಮಾರಿಗೆ ಕಾಫಿ ಬೆಲೆ ನೆಲ ಕಚ್ಚಿದ್ದು ನಿಮಗೆಲ್ಲ ನೆನಪಿದೆ. ಸಾಲದ ಕಂತು ಕಟ್ಟಲು ದಾರಿ ಕಾಣದೆ, ಎರಡು ಎಕರೆ ಅರೇಬಿಕಾ ಪಟ್ಟೆಯ ನಂದಿ, ಮತ್ತಿ, ತಾರೆ ಮರಗಳನ್ನು ಅನುಮತಿ ಪಡೆದು ಮಾರಿದೆ. ಆ ಜಾಗಕ್ಕೆ ಪೂರಾ ಸಿಲ್ವರ್ ಓಕ್ ನೆಟ್ಟೆ. ನೇರವಾಗಿ ಬೆಳೆಯುತ್ತದೆ, ಮೆಣಸು ಹಬ್ಬಿಸಲು ಅನುಕೂಲ, ಕಡಿಯುವಾಗ ಕಚೇರಿ ಅಲೆಯಬೇಕಾಗಿಲ್ಲ. ನಾವು ಅದನ್ನು ಮೆಚ್ಚಲು ಕಾರಣಗಳಿವೆ, ಅವು ಸುಳ್ಳಲ್ಲ.

ಆದರೆ ಮರ ಮೇಲೇಳುವ ತನಕ ಆ ಪಟ್ಟೆ ಬಿಸಿಲಿಗೆ ತೆರೆದುಕೊಂಡಿತು. ಬಿಳಿ ಕಾಂಡಕೊರಕದ ದುಂಬಿಗೆ ಬೇಕಾದದ್ದೇ ಅದು. ಬಿಸಿಲು ಬೀಳುವ ಕಾಂಡವನ್ನು ಹುಡುಕಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ನಾಲ್ಕು ವರ್ಷಗಳಲ್ಲಿ ಪಟ್ಟೆಯ ಅರ್ಧಕ್ಕಿಂತ ಹೆಚ್ಚು ಗಿಡ ಕಿತ್ತು ಸುಟ್ಟೆ. ಕೆಳಗಿನ ಒರತೆ ಮೊದಲು ಬೇಸಗೆಯ ಮಧ್ಯದ ತನಕ ಇರುತ್ತಿತ್ತು, ಈಗ ಸಂಕ್ರಾಂತಿ ಕಳೆದರೆ ತಳ ಕಾಣುತ್ತದೆ. ಅದಕ್ಕೆ ಇದೊಂದೇ ಕಾರಣ ಎನ್ನಲಾರೆ, ಇದೂ ಒಂದು ಎಂಬುದರಲ್ಲಿ ಅನುಮಾನವಿಲ್ಲ. "ಸಾಲವೇನೋ ತೀರಿತು ಮಗಾ, ಆದರೆ ನೆಲದ ಹೊದಿಕೆ ಮಾರಿ ತೀರಿಸಿದೆವು" ಎಂದು ತಂದೆಯವರು ಒಮ್ಮೆ ಹೇಳಿದ್ದರು. ಅಂದು ನನಗೆ ಸಿಟ್ಟು ಬಂದಿತ್ತು.

ತುರಹಳ್ಳಿಯಿಂದ ಬಂದ ಮರುದಿನವೇ ಲೋಟ ಹಿಡಿದು ತೋಟಕ್ಕೆ ಹೋದೆ. ಅತ್ತಿ, ಹಲಸು, ಹಾಲುವಾಣ ಇರುವ ಹಳೆಯ ಪಟ್ಟೆಯಲ್ಲಿ ಆರು ಎಣಿಸುವುದರೊಳಗೆ ನೀರು ಇಂಗಿತು. ಸಿಲ್ವರ್ ಓಕ್ ಪಟ್ಟೆಯಲ್ಲಿ ಹದಿನೆಂಟು ಆಯಿತು. ಅದರ ಎಲೆ ಕೊಳೆಯುವುದು ನಿಧಾನ. ಇಪ್ಪತ್ತು ವರ್ಷ ಕಳೆದರೂ ಆ ನೆಲ ಇನ್ನೂ ಚೇತರಿಸಿಕೊಂಡಿಲ್ಲ.

ಬೆಲೆ ಬಿದ್ದಾಗ ಸಾಲಕ್ಕಾಗಿ ಕಡಿದೆವು. ಬೆಲೆ ಏರಿದಾಗ ಆಸೆಗಾಗಿ ಕಡಿಯುತ್ತಿದ್ದೇವೆ. ಹಾಗಾದರೆ ಮರ ಉಳಿಯುವ ಕಾಲ ಯಾವುದು?

ಈ ವರ್ಷ ಮಾಡಬಹುದಾದದ್ದು

ಸಿಲ್ವರ್ ಓಕ್ ನಮ್ಮ ಶತ್ರುವಲ್ಲ. ಅದೊಂದೇ ಆಗುವುದು ಶತ್ರು. ಸದಸ್ಯರು ಈ ಕೆಳಗಿನ ಅಂಶಗಳನ್ನು ಗಮನಿಸಬೇಕೆಂದು ಕೋರುತ್ತೇನೆ.

1. ವ್ಯಾಪಾರಿಗೆ ಉತ್ತರ ಕೊಡುವ ಮೊದಲು ನಿಮ್ಮ ತೋಟದ ಎರಡು ಮೂರು ಕಡೆ ದರಗು ಸರಿಸಿ ನೋಡಿ, ಒಂದು ಲೋಟ ನೀರು ಸುರಿದು ಎಣಿಸಿ. ಬರೆದಿಡಿ.

2. ರೊಬಸ್ಟಾಕ್ಕೆ ಅರೇಬಿಕಾದಷ್ಟು ನೆರಳು ಬೇಡ ಎಂಬುದು ನಿಜ. ಹಾಗಿದ್ದರೆ ಕೊಂಬೆ ತೆಗೆಯಿರಿ, ಮರ ತೆಗೆಯಬೇಡಿ. ಮಳೆಗಾಲ ಹಿಡಿಯುವ ಹೊತ್ತಿಗೆ ಸರಿಯಾಗಿ ಮರಗಸಿ ಮಾಡಿದರೆ ಬೆಳಕೂ ಸಿಗುತ್ತದೆ, ಸವರಿದ ಸೊಪ್ಪು ಬುಡಕ್ಕೂ ಆಗುತ್ತದೆ.

3. ಅರೇಬಿಕಾ ಇರುವವರು ಒಮ್ಮೆಲೇ ನೆರಳು ತೆರೆಯಲೇಬಾರದು. ಏಪ್ರಿಲ್‌-ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್ ದುಂಬಿ ಹಾರುವ ಕಾಲ.

4. ಮುದಿಯಾದ, ಒಣಗಿದ ಮರ ತೆಗೆಯಲೇಬೇಕಾದರೆ ಒಂದೊಂದಾಗಿ, ಅನುಮತಿ ಪಡೆದು ತೆಗೆಯಿರಿ. ತೆಗೆಯುವ ಎರಡು ಮೂರು ವರ್ಷ ಮೊದಲೇ ಪಕ್ಕದಲ್ಲಿ ಅತ್ತಿ, ಬಸರಿ, ಹಲಸು, ಹೊನ್ನೆಯಂಥ ಸಸಿ ನೆಟ್ಟಿರಿ. ಅದು ಎದ್ದು ಬರುವ ತನಕ ಹಾಲುವಾಣ ನೆರಳು ಕೊಡುತ್ತದೆ.

5. ಹೊಸದಾಗಿ ನೆಡುವ ಮೂರು ಮರಗಳಲ್ಲಿ ಸಿಲ್ವರ್ ಓಕ್ ಒಂದಕ್ಕಿಂತ ಹೆಚ್ಚು ಬೇಡ ಎಂಬುದು ನನ್ನ ಸ್ವಂತ ಅಭಿಪ್ರಾಯ.

6. ಅಡಿಕೆ ತೋಟದವರು ದರಗನ್ನು ಬೆಟ್ಟದಿಂದ ಪೂರಾ ಗುಡಿಸಿ ತರಬೇಡಿ. ಒಂದು ಭಾಗವನ್ನು ಸರದಿಯಂತೆ ಬಿಡಿ. ಬೆಟ್ಟದ ನೆಲಕ್ಕೂ ಹೊದಿಕೆ ಬೇಕು.

ಆ ಹಿರಿಯ ಸದಸ್ಯರಿಗೆ ನನ್ನ ಉತ್ತರ ಇಷ್ಟೇ: ಕೊಡುವುದು ಬಿಡುವುದು ನಿಮ್ಮ ಇಷ್ಟ, ಮನೆಯ ಅಗತ್ಯ ನಿಮಗೇ ಗೊತ್ತು. ಆದರೆ ವ್ಯಾಪಾರಿ ಹೇಳಿದ ದರದ ಕೆಳಗೆ ಹೊದಿಕೆಯ ಬೆಲೆ, ನೀರಿನ ಬೆಲೆ, ಗಿಡದ ಬೆಲೆ ಮೂರನ್ನೂ ಬರೆದು ಕೂಡಿ ನೋಡಿ. ಬೇಕಾದರೆ ನಾನೇ ಲೋಟ ಹಿಡಿದು ನಿಮ್ಮ ತೋಟಕ್ಕೆ ಬರುತ್ತೇನೆ.

ಉಳಿದ ಸದಸ್ಯರೂ ತಮ್ಮ ತಮ್ಮ ತೋಟದಲ್ಲಿ ಎಣಿಸಿದ ಲೆಕ್ಕವನ್ನು ಮುಂದಿನ ಸಭೆಗೆ ಬರೆದು ತರಬೇಕಾಗಿ ವಿನಂತಿ. ಕಾಡುಮರದ ಸಸಿ ಬೇಕಾದವರು ಎಷ್ಟು, ಯಾವ ಜಾತಿ ಎಂದು ಸಂಘದ ಕಚೇರಿಯಲ್ಲಿ ಹೆಸರು ಬರೆಸಿದರೆ ಮಳೆಗಾಲಕ್ಕೆ ಮುಂಚೆ ಒಟ್ಟಾಗಿ ತರಿಸಲು ಅನುಕೂಲವಾಗುತ್ತದೆ. ನನ್ನ ಎರಡು ಎಕರೆಗೆ ಬೇಕಾದ ಸಸಿಗಳನ್ನು ಪಟ್ಟಿಯಲ್ಲಿ ಮೊದಲನೆಯದಾಗಿ ಬರೆಸಿದ್ದೇನೆ.

— ಕಾರ್ಯದರ್ಶಿ