ಹಾಸುಹೊಕ್ಕಿನ ಚಿತ್ರಕಲೆ: ಫ್ಲಾಂಡರ್ಸಿನ ತೆರೆ ಮತ್ತು ನವಲಗುಂದದ ಜಮಖಾನೆ

‘ಹಾಸುಹೊಕ್ಕು’ ಎಂಬುದು ನಮ್ಮ ನಿತ್ಯದ ಮಾತು. ಮಗ್ಗದ ಮೇಲೆ ಬಿಗಿದು ಕಟ್ಟಿದ ಉದ್ದದ ಎಳೆಗಳು ಹಾಸು. ಅವುಗಳ ನಡುವೆ ಅಡ್ಡಲಾಗಿ ನುಸುಳುವ ಎಳೆಗಳು ಹೊಕ್ಕು. ಸಾಮಾನ್ಯ ಬಟ್ಟೆಯಲ್ಲಿ ಇವೆರಡೂ ಕಾಣುತ್ತವೆ. ಹೊಕ್ಕಿನ ಎಳೆಗಳನ್ನು ಒತ್ತಾಗಿ ಬಡಿದು ಹಾಸನ್ನು ಪೂರ್ತಿಯಾಗಿ ಮರೆಮಾಡಿ, ಬಣ್ಣ ಬದಲಾಗಬೇಕಾದ ಎಡೆಯಲ್ಲೆಲ್ಲ ಬೇರೊಂದು ಎಳೆಯನ್ನು ಹೂಡಿ ನೇಯುವ ಇನ್ನೊಂದು ಪದ್ಧತಿಯುಂಟು. ಅಲ್ಲಿ ಚಿತ್ರವು ಬಟ್ಟೆಯ ಮೇಲೆ ಬರೆದದ್ದಲ್ಲ, ಚಿತ್ರವೇ ಬಟ್ಟೆ.

ಯೂರೋಪಿನಲ್ಲಿ ಈ ಕಲೆಯು ಫ್ಲಾಂಡರ್ಸ್ ಪ್ರಾಂತದಲ್ಲಿ ಉಚ್ಛ್ರಾಯಕ್ಕೇರಿತು. 15 ಮತ್ತು 16ನೆಯ ಶತಮಾನಗಳಲ್ಲಿ ತೂರ್ನೆ, ಬ್ರಸೆಲ್ಸ್ ಮೊದಲಾದ ನಗರಗಳಲ್ಲಿ ಉಣ್ಣೆ ಹಾಗೂ ರೇಷ್ಮೆಯಿಂದ ನೇಯ್ದ ಭಿತ್ತಿತೆರೆಗಳು ಅರಮನೆ, ಇಗರ್ಜಿಗಳ ಗೋಡೆಗಳನ್ನು ಅಲಂಕರಿಸಿದವು. ನಕಲು ಮಾಲನ್ನು ತಡೆಯಲು ಬ್ರಸೆಲ್ಸ್ ನಗರವು 1528ರಲ್ಲಿ ತೆರೆಯ ಅಂಚಿನಲ್ಲಿ ಗುರುತನ್ನು ನೇಯುವುದನ್ನು ಕಡ್ಡಾಯಗೊಳಿಸಿತು.

ಈ ತೆರೆಗಳ ವರ್ಣವೈಭವಕ್ಕೆ ಮುಖ್ಯವಾಗಿ ಮೂರು ಸಸ್ಯಗಳು ಆಧಾರ. ಕೆಂಪು ಬಂದದ್ದು ನಮ್ಮ ಮಂಜಿಷ್ಠದ ಜಾತಿಯ ಬೇರಿನಿಂದ. ನೀಲಿ ಬಂದದ್ದು ವೋಡ್ ಎಂಬ ಗಿಡದ ಎಲೆಯಿಂದ. ಹಳದಿ ವೆಲ್ಡ್ ಎಂಬ ಗಿಡದಿಂದ. ವೋಡ್‌ನಲ್ಲಿರುವುದೂ ನಮ್ಮ ನೀಲಿಗಿಡದಲ್ಲಿರುವ ಬಣ್ಣವೇ. ಹಸಿರಿಗೆ ನೀಲಿಯ ಮೇಲೆ ಹಳದಿಯನ್ನು ಏರಿಸುತ್ತಿದ್ದರು. ಬೆಳಕಿಗೆ ಹಳದಿಯು ಬೇಗ ಮಾಸುವುದರಿಂದ, ಹಳೆಯ ತೆರೆಗಳಲ್ಲಿನ ಕಾಡುಗಳು ಇಂದು ನೀಲಿಯಾಗಿ ಕಾಣುತ್ತವೆ. ನೇಕಾರನು ನೇಯ್ದದ್ದು ಹಸಿರು ಮರವನ್ನೇ.

ಪ್ಯಾರಿಸ್ಸಿನ ಕ್ಲೂನಿ ವಸ್ತುಸಂಗ್ರಹಾಲಯದಲ್ಲಿ ಸುಮಾರು 1500ರ ಆರು ತೆರೆಗಳಿವೆ. ಕೆಂಪು ನೆಲ, ಅದರ ತುಂಬ ಹೂಗಳು, ಮೊಲಗಳು. ನಡುವೆ ಒಬ್ಬ ರಮಣಿ, ಇಕ್ಕೆಲದಲ್ಲಿ ಸಿಂಹ ಮತ್ತು ಒಂಟಿಕೊಂಬಿನ ಕಾಲ್ಪನಿಕ ಮೃಗ. ಐದು ತೆರೆಗಳು ಪಂಚೇಂದ್ರಿಯಗಳ ಸಂಕೇತ. 1841ರಲ್ಲಿ ಬೂಸಾಕ್ ಕೋಟೆಯಲ್ಲಿ ಇವು ಪ್ರಾಸ್ಪರ್ ಮೆರಿಮೆಯ ಕಣ್ಣಿಗೆ ಬಿದ್ದಾಗ ತೇವದಿಂದ ಕೆಟ್ಟಿದ್ದವು. 1882ರಲ್ಲಿ ಸಂಗ್ರಹಾಲಯವು ಕೊಂಡುಕೊಂಡಿತು.

ಇಂಥ ನೇಯ್ಗೆಯನ್ನು ನೋಡಲು ನಾವು ಅಷ್ಟು ದೂರ ಹೋಗಬೇಕಿಲ್ಲ. ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನೆಯದೂ ಇದೇ ತತ್ತ್ವ. ಅಲ್ಲಿನ ಮುಸ್ಲಿಂ ಮಹಿಳೆಯರು ಲಂಬವಾಗಿ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು, ಹತ್ತಿಯ ನೂಲಿನಿಂದ ನವಿಲು, ಪಗಡೆಯ ಹಾಸು, ರೇಖಾಕೃತಿಗಳನ್ನು ಮೂಡಿಸುತ್ತಾರೆ. ಇವರ ಪೂರ್ವಜರು ಆದಿಲಶಾಹಿ ಕಾಲದ ಬಿಜಾಪುರದಿಂದ ಬಂದವರೆಂಬ ಪ್ರತೀತಿಯಿದೆ. ಈ ಜಮಖಾನೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆಯಾದರೂ ನೇಯುವ ಕೈಗಳು ಬಹಳ ಕಡಿಮೆಯಾಗಿವೆ. ಅಗ್ಗದ ಯಂತ್ರದ ಹಾಸುಗಳೊಡನೆ ಕೈಮಗ್ಗವು ಪೈಪೋಟಿ ನಡೆಸುವುದು ಸುಲಭವಲ್ಲ.

ಸನತ್‌ನಗರದ ನಮ್ಮ ಮನೆಗಳಲ್ಲಿ ಊರಿನಿಂದ ಬಂದ ಜಮಖಾನೆಯೊಂದಿದ್ದರೆ, ಫ್ಲಾಂಡರ್ಸಿನ ತೆರೆಗಳು ಕಲಿಸುವ ಪಾಠ ಅದಕ್ಕೂ ಸಲ್ಲುತ್ತದೆ. ನೇರ ಬಿಸಿಲು ಬಣ್ಣವನ್ನು ಕದಿಯುತ್ತದೆ. ತೇವವು ನೂಲನ್ನು ಕೊಳೆಸುತ್ತದೆ. ಮಡಿಸಿದರೆ ಮಡಿಕೆಯಲ್ಲಿ ಎಳೆ ಸವೆಯುವುದರಿಂದ ಸುರುಳಿ ಸುತ್ತಿಡುವುದು ಲೇಸು. ಮಳೆಗಾಲ ಕಳೆದ ಮೇಲೆ ನೆರಳಿನಲ್ಲಿ ಗಾಳಿಗೆ ಹರವಬೇಕು. ಧೂಳನ್ನು ಹೊರಗೆ ಕೊಡವಬೇಕು. ಮನೆಯೊಳಗೆ ಕೊಡವಿದರೆ ಉಬ್ಬಸವುಳ್ಳವರಿಗೆ ತೊಂದರೆ. ಎಲ್ಲಕ್ಕಿಂತ ಮಿಗಿಲಾಗಿ, ಹಬ್ಬದ ದಿನ ಅದನ್ನು ಹಾಸಿ ಮಕ್ಕಳಿಗೆ ನವಿಲನ್ನು ತೋರಿಸಬೇಕು. ಊರಿಗೆ ಹೋದಾಗ ನೇಯುವವರಿಂದಲೇ ಇನ್ನೊಂದನ್ನು ಕೊಳ್ಳಬೇಕು. ಕೊಳ್ಳುವವರಿದ್ದರೆ ಮಗ್ಗ ಉಳಿದೀತು.